ಕಂಬಳಿಯ ಗುರುತಿನಲ್ಲಿ ಹೆಚ್ಚಿಗೆ ಸಿಕ್ಕ ನೀಲಿ ಎಳೆಯ ಬಗ್ಗೆ

ನಾನು, ಪ್ರಮಿಳಾ ಕೋಂ ತಮ್ಮಣ್ಣ ಹೊಸಮನಿ, ವಯಸ್ಸು 37 ವರ್ಷ, ಉದ್ಯೋಗ ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸುವ ವಕೀಲರ ಕಚೇರಿಯಲ್ಲಿ ಗುಮಾಸ್ತೆ, ವಾಸ ರಾಮತೀರ್ಥ ನಗರ, ಬೆಳಗಾವಿ, ತವರು ಹಲಸಿ, ತಾಲ್ಲೂಕು ಖಾನಾಪುರ, ಇಂದು ದಿನಾಂಕ 19-06-2025ರಂದು ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವ ಎರಡನೆಯ ಹೇಳಿಕೆ ಇದು.

ಮೊದಲ ಹೇಳಿಕೆಯನ್ನು 10-06-2025ರಂದು ಕೊಟ್ಟಿದ್ದೇನೆ. ಹಲಸಿಯ ನಮ್ಮ ಮನೆಯ ಕಂಬಳಿಯ ಮೇಲಿರುವ ಗುರುತಿನಲ್ಲಿ ಒಂದರ ಮೇಲೊಂದು ನಾಲ್ಕು ಪದರ ದಾರ ಇದೆ ಎಂದು ಅದರಲ್ಲಿ ಹೇಳಿದ್ದೆ. 14-06-2025ರಂದು ತನಿಖಾಧಿಕಾರಿಗಳಾದ ತಾವು ಪಂಚರ ಮುಂದೆ ಬಿಚ್ಚಿಸಿ ನೋಡಿದಾಗ ಐದು ಪದರ ಸಿಕ್ಕಿವೆ. ಈಗ ದೂರುದಾರ ಓಂಕಾರ ಅವರು, ಪದರ ಎಷ್ಟು ಎಂಬುದೇ ಮನೆಯವರಿಗೆ ಗೊತ್ತಿಲ್ಲ, ಹಾಗಾದರೆ ಎಲ್ಲವೂ ಈಚೆಗೆ ಹೊಲಿದದ್ದು ಎಂದು ಬರೆದುಕೊಟ್ಟಿದ್ದಾರೆ ಎಂದು ತಿಳಿಯಿತು. ಸುಳ್ಳು ಸಾಕ್ಷ್ಯ ತಯಾರಿಸಿದ ಆರೋಪ ನನ್ನ ದೊಡ್ಡವ್ವ ಕಾಡವ್ವ, ವಯಸ್ಸು 73, ಇವಳ ಮೇಲೆ ಬರುವ ಹಾಗಿದೆ. ಐದು ದಿನದಿಂದ ನನಗೆ ಕುಳಿತಲ್ಲಿ ಕುಳಿತಿರಲು ಆಗುತ್ತಿಲ್ಲ. ಇದು ಹೇಳಿಕೆಯಲ್ಲಿ ಬೇಡ ಎಂದು ಬರೆದುಕೊಳ್ಳುತ್ತಿರುವ ಹವಾಲ್ದಾರರು ಹೇಳಿದರು. ಬೇಕು ಎಂದು ನಾನು ಹೇಳಿದ ಮೇಲೆ ಬರೆದಿದ್ದಾರೆ. ದೊಡ್ಡವ್ವನನ್ನು ನಾನು ಏಕವಚನದಲ್ಲಿಯೇ ಮಾತನಾಡಿಸುವುದರಿಂದ ಹಾಗೆಯೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ.

ನಮ್ಮದು ಕುರಿ ಸಾಕುವ ಮನೆತನ. ನನ್ನ ತಾಯಿ ಭರಮವ್ವ ನಾನು ಒಂಬತ್ತು ವರ್ಷದವಳಿದ್ದಾಗ ತೀರಿಕೊಂಡಳು. ತಂದೆ ಮತ್ತೊಂದು ಮದುವೆಯಾಗಿ ಬೇರೆ ಊರಿಗೆ ಹೋದರು. ತಾಯಿಯ ಅಕ್ಕ ಕಾಡವ್ವ ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಹಲಸಿಯ ತವರಿಗೆ ಬಂದವಳು. ನನ್ನನ್ನು ಬೆಳೆಸಿದವಳು ಅವಳೇ. ಅನ್ನದ ಜೊತೆ ಬೈಗುಳವನ್ನೂ ಹೊಟ್ಟೆ ತುಂಬ ಹಾಕಿ ಬೆಳೆಸಿದ್ದಾಳೆ.

ನಮ್ಮ ಮನೆಯ ಕುರಿಗಳ ಬೆನ್ನಿಗೆ ಹಾಕುವ ಗುರುತು ಮೂರು ನಿಂತ ಗೆರೆ, ಕೆಳಗೆ ಒಂದು ಚುಕ್ಕೆ. ಮನೆಯಲ್ಲಿ ನೇಯ್ದ ಪ್ರತಿ ಕಂಬಳಿಯ ಮೂಲೆಗೂ ಅದನ್ನೇ ದಾರದಿಂದ ಹೊಲಿಯುತ್ತಾರೆ. ಬೀರದೇವರ ಗದ್ದುಗೆಗೆ ಮಡಚಿ ಹಾಸುವ ಹಳೆಯ ಕಂಬಳಿಯ ಮೇಲೂ ಅದೇ ಗುರುತು ಇದೆ. ಆ ಒಂದು ಕಂಬಳಿಗೆ ಮಾತ್ರ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮನೆಯಿಂದ ಹೆಣ್ಣುಮಗಳೊಬ್ಬಳು ಮದುವೆಯಾಗಿ ಹೋದಾಗ ಅವಳ ಧಾರೆ ಸೀರೆಯ ಸೆರಗಿನಿಂದ ಒಂದು ಎಳೆ ಎಳೆದು, ಆ ಎಳೆಯನ್ನು ಮೊದಲ ಗೆರೆಯ ಮೇಲೆ ಸುತ್ತಿ ಹೊಲಿಯುತ್ತಾರೆ. ಹಳೆಯ ದಾರವನ್ನು ಕೀಳುವುದಿಲ್ಲ, ಅದರ ಮೇಲೆಯೇ ಹೊಲಿಗೆ. ಗುರುತನ್ನು ಬಿಚ್ಚುವುದು ಒಂದೇ ಸಂದರ್ಭದಲ್ಲಿ, ಮನೆಯ ಕಡೆಯ ಕುರಿಯನ್ನು ಮಾರಿದ ದಿನ.

ನಾನು 2010ರಿಂದ ವಕೀಲ ಗುರುಪುತ್ರಪ್ಪ ಅವರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಗರಬತ್ತಿ, ಉಪ್ಪಿನಕಾಯಿ, ಪಂಪಿನ ಬಿಡಿಭಾಗ, ಯಾರು ಯಾವ ಹೆಸರು ತಂದರೂ ಅರ್ಜಿ ಟೈಪ್ ಮಾಡುವುದು ನನ್ನ ಕೆಲಸ. ಊರವರ ಹೆಸರನ್ನೆಲ್ಲ ಕಾಯುವ ನನಗೆ ಮನೆಯ ಗುರುತನ್ನು ಕಾಯಬೇಕು ಅನ್ನಿಸಿದ್ದು ಒಂಬತ್ತು ವರ್ಷ ತಡವಾಗಿ. 2019ರಲ್ಲಿ ದೊಡ್ಡವ್ವ ಅಧ್ಯಕ್ಷೆಯಾಗಿರುವ ಹದಿನಾಲ್ಕು ಜನ ಹೆಂಗಸರ ಕಂಬಳಿ ಸಂಘದ ಹೆಸರಿನಲ್ಲಿ ಆ ಗುರುತಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದೆ. 2021ರಲ್ಲಿ ನೋಂದಣಿಯಾಯಿತು. ನೋಂದಣಿ ಪತ್ರಕ್ಕೆ ಕಟ್ಟು ಹಾಕಿಸಿ ಒಯ್ದು ಕೊಟ್ಟಾಗ ದೊಡ್ಡವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಮ್ಮದು ನಮ್ಮದು ಅಂತ ಹೇಳಾಕ ಇಷ್ಟು ದೊಡ್ಡ ಕಾಗದ ಬೇಕಾತೇನ ಎಂದು ಕೇಳಿದಳು.

2023ರ ಆಗಸ್ಟ್‌ನಲ್ಲಿ ಜರ್ಮನಿಯ ಒಂದು ಅಂಗಡಿಯವರು ಸಂಘದ ಉಣ್ಣೆ ಹಾಸುಗಳನ್ನು ನೇರವಾಗಿ ತರಿಸಿಕೊಳ್ಳಲು ಮುಂದೆ ಬಂದರು. ಗುರುತು ಅಲ್ಲಿಯೂ ನಿಮ್ಮ ಹೆಸರಿನಲ್ಲಿರಬೇಕು ಎಂಬುದು ಅವರ ಷರತ್ತು. ಇಲ್ಲಿಯ ನೋಂದಣಿಯ ಆಧಾರದ ಮೇಲೆ ಅಲ್ಲಿಗೂ ಅರ್ಜಿ ಹಾಕಿದೆವು. ಹಾಗೆ ಹಾಕಿದ ಅರ್ಜಿ ಮೊದಲ ಐದು ವರ್ಷ ಇಲ್ಲಿಯ ನೋಂದಣಿಯನ್ನೇ ನೆಚ್ಚಿಕೊಂಡಿರುತ್ತದೆ. ಇಲ್ಲಿ ಬಿದ್ದರೆ ಅಲ್ಲಿಯೂ ಬೀಳುತ್ತದೆ.

ದೂರುದಾರ ಓಂಕಾರ ಅವರು ಬೆಳಗಾವಿಯಲ್ಲಿ ಕಂಬಳಿ, ಚಾದರ, ಹಾಸುಗಳ ವ್ಯಾಪಾರಿ. 2009ರಿಂದ ನಮ್ಮ ಮನೆಯ ಮಾಲನ್ನು ಕೊಂಡು ಹೊರಗೆ ಮಾರುತ್ತಿದ್ದರು. ಅವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ದೊಡ್ಡವ್ವನಿಗೆ ಆಯಿ ಎನ್ನುತ್ತಿದ್ದರು, ಅವಳ ಕಣ್ಣಿನ ಆಪರೇಷನ್ ದಿನ ತಮ್ಮ ಗಾಡಿಯಲ್ಲಿಯೇ ಕರೆದೊಯ್ದಿದ್ದರು. ಆದರೆ ಹದಿನೈದು ವರ್ಷ ಊರೂರು ತಿರುಗಿ ಆ ಗುರುತಿಗೆ ಹೆಸರು ತಂದವನು ತಾನು ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಜರ್ಮನಿಯ ಸುದ್ದಿ ಕೇಳಿದ ಮೇಲೆ ಅದು ಇನ್ನೂ ಗಟ್ಟಿಯಾಯಿತು. 2024ರ ನವೆಂಬರ್‌ನಲ್ಲಿ, ಈ ಗುರುತನ್ನು ವ್ಯಾಪಾರದಲ್ಲಿ ಮೊದಲು ಬಳಸಿದವನು ನಾನು, ಸಂಘದ ನೋಂದಣಿಯನ್ನು ರದ್ದು ಮಾಡಬೇಕು ಎಂದು ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಗೆ ಅರ್ಜಿ ಕೊಟ್ಟರು. ಜೊತೆಗೆ 2009ರ ಬಿಲ್ಲುಗಳನ್ನು ಇಟ್ಟಿದ್ದರು.

2009ಕ್ಕಿಂತ ಮೊದಲೇ ಗುರುತು ನಮ್ಮದಾಗಿತ್ತು ಎಂದು ತೋರಿಸುವ ಕಾಗದ ನಮ್ಮಲ್ಲಿ ಒಂದೂ ಇರಲಿಲ್ಲ. ಸಂತೆಯಲ್ಲಿ ಕಂಬಳಿ ಮಾರುವವರಿಗೆ ಬಿಲ್ಲು ಯಾರು ಕೊಡುತ್ತಾರೆ? ಇದ್ದದ್ದು ಗದ್ದುಗೆಯ ಕಂಬಳಿ ಒಂದೇ. ಅದರ ಫೋಟೋ ತೆಗೆದು, ದೊಡ್ಡವ್ವನ ಪ್ರಮಾಣಪತ್ರದ, ಅಂದರೆ ಅಫಿಡವಿಟ್ಟಿನ ಜೊತೆ ಕಳುಹಿಸುವುದು ಎಂದು ವಕೀಲರು ನಿರ್ಧರಿಸಿದರು. ನಾನು ದೊಡ್ಡವ್ವನಿಗೆ ಫೋನ್ ಮಾಡಿ, ಗದ್ದುಗೆಯ ಕಂಬಳಿಯನ್ನು ದೊಡ್ಡ ಅಧಿಕಾರಿಗಳು ನೋಡುತ್ತಾರೆ, ಅದರಿಂದಲೇ ನಮ್ಮ ಗುರುತು ಪರದೇಶಕ್ಕೆ ಹೋಗಬೇಕು ಎಂದು ಹೇಳಿದೆ. ಈ ಎಲ್ಲ ತೊಂದರೆಗೆ ಮೂಲ ನನ್ನ ಆ ಒಂದು ಮಾತು.

09-02-2025, ಭಾನುವಾರ, ನಾನು ಬೆಳಗಾವಿಯಿಂದ 26 ಕಿಲೋಮೀಟರ್ ಖಾನಾಪುರಕ್ಕೆ, ಅಲ್ಲಿಂದ 14 ಕಿಲೋಮೀಟರ್ ಹಲಸಿಗೆ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನ 2 ಗಂಟೆ 50 ನಿಮಿಷಕ್ಕೆ ಮನೆ ಮುಟ್ಟಿದೆ. ಕಂಬಳಿಯನ್ನು ಜಗಲಿಯ ಮೇಲೆ ಹಾಸಿಟ್ಟಿದ್ದರು. ಮೂಲೆಯ ಗುರುತು ನೋಡಿದೆ. ಮೊದಲ ಗೆರೆ ಹೊಚ್ಚ ಹೊಸ ಕೆಂಪು ರೇಷ್ಮೆ ಎಳೆಯಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಏನು ಮಾಡಿದೆ ಎಂದು ಕೇಳಿದ್ದಕ್ಕೆ ದೊಡ್ಡವ್ವ, "ಗುರುತು ಪರದೇಶಕ್ಕ ಹೊಂಟೈತಿ ಅಂದಿ. ಮನಿಯಿಂದ ಹೆಣ್ಣು ಹೊಂಟಂಗ ಅಲ್ಲೇನ ಅದು? ಹಂಗ ಬರೇ ಮಾರೀಲೆ ಕಳಸೂಣೇನು?" ಎಂದಳು. ತನ್ನ ಟ್ರಂಕಿನಲ್ಲಿದ್ದ ಒಂದೇ ಒಂದು ಒಳ್ಳೆಯ ಸೀರೆಯ ಸೆರಗಿನಿಂದ ಎಳೆ ಎಳೆದು, ಹಿಂದಿನ ದಿನವಿಡೀ ಕುಳಿತು ಹೊಲಿದಿದ್ದಳು. ಕಣ್ಣು ಸರಿಯಾಗಿ ಕಾಣದೆ ಬೆರಳಿಗೆ ಮೂರು ಕಡೆ ಸೂಜಿ ಚುಚ್ಚಿಕೊಂಡಿದ್ದಳು. ಬಹಳ ಚಂದ ಆಗಿದೆ ಎಂದು ನಾನು ಹೇಳಬೇಕೆಂದು ಕಾಯುತ್ತಿದ್ದಳು.

ನಾನು ಹೇಳಲಿಲ್ಲ. ನನಗೆ 4 ಗಂಟೆ 30 ನಿಮಿಷದ ಬಸ್ಸಿನದೇ ಚಿಂತೆ. ಒಂಬತ್ತು ಫೋಟೋ ತೆಗೆದೆ. ಪ್ರಮಾಣಪತ್ರವನ್ನು ಮೊದಲೇ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಕೊಂಡು ಹೋಗಿದ್ದೆ. ಅದು ಪಂಪಿನ ಬಿಡಿಭಾಗದ ಕಂಪನಿಯೊಂದಕ್ಕೆ ಹಿಂದೆ ಮಾಡಿದ್ದ ಪ್ರಮಾಣಪತ್ರದ ನಕಲು, ಹೆಸರು ಬದಲಿಸಿ, ವರ್ಷದ ಜಾಗದಲ್ಲಿ ಗುರುತಿಗೆ ಕಡೆಯ ಎಳೆ ಬಿದ್ದದ್ದೆಂದು ನಾನು ತಿಳಿದಿದ್ದ ನನ್ನ ತಾಯಿಯ ಮದುವೆಯ ವರ್ಷ ಹಾಕಿದ್ದೆ, ಅಷ್ಟೆ. ಅದರ ಏಳನೆಯ ಪರಿಚ್ಛೇದದಲ್ಲಿ, ಗುರುತು 1984ರಿಂದ ಇಂದಿನವರೆಗೆ ಯಾವುದೇ ಬದಲಾವಣೆ ಇಲ್ಲದೆ ಮೊದಲು ಹೇಗಿತ್ತೋ ಹಾಗೆಯೇ ಇದೆ ಎಂಬ ಸಾಲು ಇತ್ತು. ಕಬ್ಬಿಣಕ್ಕೆ ಒಪ್ಪುವ ಸಾಲು ಅದು, ದಾರಕ್ಕೆ ಒಪ್ಪುವುದಿಲ್ಲ. ಕೆಂಪು ದಾರ ಕಣ್ಣೆದುರಿಗೇ ಇದ್ದಾಗಲೂ ನಾನು ಆ ಸಾಲನ್ನು ಹೊಡೆದು ಹಾಕಲಿಲ್ಲ. ದೊಡ್ಡವ್ವನಿಗೆ ಕನ್ನಡದಲ್ಲಿ ಓದಿ ಹೇಳುವಾಗ ಅವಸರದಲ್ಲಿ ಆ ಪರಿಚ್ಛೇದವನ್ನು ಬಿಟ್ಟು ಮುಂದೆ ಹೋದೆ. ಅವಳು ಹೆಬ್ಬೆಟ್ಟು ಒತ್ತಿದಳು. ಮರುದಿನ ವಕೀಲ ಗುರುಪುತ್ರಪ್ಪ ಅವರು, "ಪ್ರಮಿಳಾ ಅವರ, ಬರದಿದ್ದೆಲ್ಲಾ ಖರೇ ಅದ ಹೌದಲ್ಲೋ?" ಎಂದು ಕೇಳಿದರು. ಹೌದು ಎಂದೆ. ಈ ಮೂರು ಸಂಗತಿಗಳನ್ನು ಮೊದಲ ಹೇಳಿಕೆಯಲ್ಲಿ ನಾನು ಹೇಳಿರಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಟ್ಟೆ.

ಫೋಟೋಗಳ ಪ್ರತಿ ಎದುರು ಪಕ್ಷದವರಿಗೂ ಹೋಗುತ್ತದೆ. ಓಂಕಾರ ಅವರು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, 1984ರ ದಾರ ಹೀಗೆ ಮಿಂಚುತ್ತದೆಯೇ ಎಂದು ಈ ಠಾಣೆಗೆ ದೂರು ಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

10-06-2025ರಂದು ತಾವು ವಿಚಾರಿಸಿದಾಗ, ಕೆಂಪಿನ ಕೆಳಗೆ ಹಳೆಯ ಪದರಗಳಿವೆ ಎಂದು ಹೇಳಿದೆ. ಎಷ್ಟು ಎಂದು ಕೇಳಿದಿರಿ. ನಾಲ್ಕು ಎಂದೆ. ಎಲ್ಲಕ್ಕಿಂತ ಕೆಳಗೆ ಕಂಬಳಿ ನೇಯ್ದಾಗ ಹಾಕಿದ ಕರಿ ಉಣ್ಣೆ. ಅದರ ಮೇಲೆ 1971ರಲ್ಲಿ ಮದುವೆಯಾದ ದೊಡ್ಡವ್ವನ ಹಳದಿ. ಅದರ ಮೇಲೆ 1984ರಲ್ಲಿ ಮದುವೆಯಾದ ನನ್ನ ತಾಯಿಯ ಹಸಿರು. ಮೇಲೆ ಹೊಸ ಕೆಂಪು.

ನನ್ನದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಾರಣ ಹೇಳುತ್ತೇನೆ. ನಾನು 23-06-2011ರಂದು ಬೆಳಗಾವಿಯ ನೋಂದಣಿ ಕಚೇರಿಯಲ್ಲಿ ತಮ್ಮಣ್ಣ ಅವರನ್ನು ಮದುವೆಯಾದೆ. ಅವರು ಬೇರೆ ಜಾತಿಯವರು. ದೊಡ್ಡವ್ವನಿಗೆ ಹೇಳದೆ ಹೋಗಿದ್ದೆ. ಅವಳು ನನಗೆ ಕುರಿ ಇದ್ದ ಮನೆಯ ಹುಡುಗನನ್ನು ನೋಡಿಟ್ಟಿದ್ದಳು. ಆಮೇಲೆ ಎರಡು ವರ್ಷ ನಮ್ಮ ನಡುವೆ ಸರಿಯಾಗಿ ಮಾತಿರಲಿಲ್ಲ. ಹೊಸ್ತಿಲಿಗೆ ಪೂಜೆ ಮಾಡಿ ಆ ಮನೆಯಿಂದ ಹೊರಟವಳಲ್ಲ ನಾನು, ಬೆಳಿಗ್ಗೆ 7 ಗಂಟೆಯ ಬಸ್ಸಿಗೆ ಹೊರಟವಳು. ಅಂಥವಳ ಎಳೆ ಗದ್ದುಗೆಯ ಮೇಲೆ ಏಕಿರುತ್ತದೆ? ಇರುವುದಿಲ್ಲ ಎಂದು ಹದಿನಾಲ್ಕು ವರ್ಷ ನಂಬಿದ್ದೆ. ಹಬ್ಬಕ್ಕೆ ಹೋದಾಗಲೂ ಆ ಕಂಬಳಿಯ ಮೂಲೆಯನ್ನು ಹತ್ತಿರದಿಂದ ನೋಡುತ್ತಿರಲಿಲ್ಲ. ನೋಡಿದರೆ ಅಳು ಬರುತ್ತದೆ ಎಂದು ನೋಡುತ್ತಿರಲಿಲ್ಲ.

14-06-2025, ಶನಿವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ತಾವು, ಇಬ್ಬರು ಪಂಚರು, ವಿಡಿಯೋ ತೆಗೆಯುವವರು, ಓಂಕಾರ ಅವರು ಮತ್ತು ನಾನು ಹಲಸಿಯ ಮನೆಯಲ್ಲಿದ್ದೆವು. ಮೊದಲ ಗೆರೆಯನ್ನು ಪದರ ಪದರವಾಗಿ ಬಿಚ್ಚಬೇಕು ಎಂದು ತಾವು ತಿಳಿಸಿದಿರಿ. ದೊಡ್ಡವ್ವ ಎದ್ದು ಹಿತ್ತಲಿನ ದೊಡ್ಡಿಗೆ ಹೋದಳು. ಓಡಿ ಹೋದಳೇನೋ ಎಂದು ಒಬ್ಬ ಪೇದೆ ಹಿಂದೆಯೇ ಹೋದರು. ಅವಳು ಅಲ್ಲಿ ಕುರಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದಳು. ಹೊರಳಿ ಬಂದು ತಮ್ಮ ಮುಂದೆ ನಿಂತು, "ಸಾಹೇಬರ, ಇಪ್ಪತ್ಮೂರು ಅದಾವು. ಕುರಿ ತೀರಿ ಬಿಚ್ಚಾಕತ್ತಿಲ್ಲ ನಾನು. ಅದನ್ನ ಮೊದಲ ಬರಕೊಳ್ರಿ" ಎಂದಳು. ತಾವು ಅದನ್ನು ಪಂಚನಾಮೆಯಲ್ಲಿ ಬರೆಸಿದಿರಿ. ಅದಕ್ಕೆ ನಾನು ತಮಗೆ ಋಣಿ. ಓಂಕಾರ ಅವರು ಆಗ ಹೊರಗೆ ಹೋಗಿ, ಕಾಲಲ್ಲಿದ್ದ ಚಪ್ಪಲಿ ಬಿಟ್ಟು ಒಳಗೆ ಬಂದರು. ಅದನ್ನೂ ಹೇಳಬೇಕು.

ದೊಡ್ಡವ್ವ ಸೂಜಿಯ ಮೊನೆಯಿಂದ ಬಿಚ್ಚಲು 1 ಗಂಟೆ 25 ನಿಮಿಷ ಹಿಡಿಯಿತು. ನಾನು ಆ ಹೊತ್ತಿನಲ್ಲಿ ಆರು ಸಲ ಅಂಗಳಕ್ಕೆ ಹೋಗಿ ಬಂದೆ. ಕೆಂಪು ಮುಗಿಯಿತು. ಕೆಳಗೆ ಹಸಿರು ಬರಬೇಕಿತ್ತು. ನೀಲಿ ಬಂತು. ಇದು ಯಾರದು ಎಂದು ತಾವು ಕೇಳಿದಿರಿ. ದೊಡ್ಡವ್ವ ತಲೆ ಎತ್ತದೆ, "ಆಕಿಗೇ ಕೇಳ್ರಿ" ಎಂದಳು. ತಾವು ನನ್ನ ಕಡೆ ನೋಡಿದಿರಿ. ನನಗೆ ಗೊತ್ತಿಲ್ಲ ಎಂದೆ. ಅವಳು ನೀಲಿಯನ್ನೂ ಬಿಚ್ಚಿದಳು. ನೀಲಿಯ ಕೆಳಗೆ ಹಸಿರು, ಹಳದಿ, ಕರಿ ಉಣ್ಣೆ ಒಂದಾದ ಮೇಲೆ ಒಂದು ಸಿಕ್ಕವು. ಐದನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ ಸೀಲು ಮಾಡಿದಿರಿ. ಗೊತ್ತಿಲ್ಲ ಎಂಬ ನನ್ನ ಮಾತು ಪಂಚನಾಮೆಯಲ್ಲಿದೆ. ಅದೇ ಮಾತನ್ನು ಹಿಡಿದುಕೊಂಡು ಈಗ ದೊಡ್ಡವ್ವನನ್ನು ಸುಳ್ಳಿ ಎನ್ನುತ್ತಿದ್ದಾರೆ.

ಹಸಿರು ದಾರವನ್ನು ಹೋಲಿಸಿ ನೋಡಲು ನನ್ನ ತಾಯಿಯ ಧಾರೆ ಸೀರೆಯನ್ನು ತಂದುಕೊಡಲು ತಾವು ಸೂಚಿಸಿದ್ದಿರಿ. ನಿನ್ನೆ, 18-06-2025ರಂದು, ಬೆಳಿಗ್ಗೆ 9 ಗಂಟೆಗೆ ಅದನ್ನು ತೆಗೆಯಲು ಬೆಳಗಾವಿಯ ನಮ್ಮ ಮನೆಯ ಪೆಟ್ಟಿಗೆ ತೆರೆದೆ. ತಾಯಿಯ ಸೀರೆಯ ಕೆಳಗೆ ನಾನು ನೋಂದಣಿ ಕಚೇರಿಗೆ ಉಟ್ಟುಕೊಂಡು ಹೋಗಿದ್ದ ನೀಲಿ ಸೀರೆ ಇತ್ತು. ಸೆರಗನ್ನು ಬೆಳಕಿಗೆ ಹಿಡಿದೆ. ಅಂಚಿನಿಂದ ನಾಲ್ಕು ಬೆರಳು ಒಳಗೆ, ಈ ತುದಿಯಿಂದ ಆ ತುದಿಯವರೆಗೆ ಒಂದು ಎಳೆ ಇಲ್ಲ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಬಸ್ಸಿನ ಸೀಟಿನ ಮೊಳೆಗೆ ಸಿಕ್ಕಿ ಹೋಗಿದೆ ಎಂದುಕೊಂಡಿದ್ದೆ. ಮೊಳೆಗೆ ಸಿಕ್ಕ ಸೀರೆ ಹರಿಯುತ್ತದೆ, ಎಳೆ ಅಷ್ಟು ನೆಟ್ಟಗೆ ಹೋಗುವುದಿಲ್ಲ ಎಂಬುದು ಕಂಬಳಿ ನೇಯುವ ಮನೆಯಲ್ಲಿ ಬೆಳೆದ ನನಗೆ ಹೊಳೆಯಬೇಕಿತ್ತು.

ಆಗ ನೆನಪಾದದ್ದು ಇದು. ಮದುವೆಯಾದ ಹನ್ನೊಂದನೆಯ ದಿನ, 04-07-2011ರಂದು, ನಾನು ಮತ್ತು ನನ್ನ ಗಂಡ ಹಲಸಿಗೆ ಹೋಗಿದ್ದೆವು. ಬಸ್ಸಿನಿಂದ ಇಳಿದು ಮನೆ ಮುಟ್ಟುವಷ್ಟರಲ್ಲಿ ಮಳೆಗೆ ತೊಯ್ದು ತಪ್ಪಡಿಯಾಗಿದ್ದೆ. ಉಟ್ಟಿದ್ದು ಅದೇ ನೀಲಿ ಸೀರೆ. ದೊಡ್ಡವ್ವ ತನ್ನ ಹಳೆಯ ಸೀರೆಯನ್ನು ನನ್ನ ಕಡೆ ಎಸೆದಳು, ನನ್ನದನ್ನು ಒಲೆಯ ಮುಂದೆ ಆರಲು ಹಾಕಿದಳು. ನನ್ನ ಗಂಡನಿಗೆ ಚಹಾ ಕೊಟ್ಟಳು. ನನಗೆ ಕೊಡಲಿಲ್ಲ. ಸುಮಾರು ಎರಡು ಗಂಟೆ ನಾವು ಕಟ್ಟೆಯ ಮೇಲೆ ಕುಳಿತಿದ್ದೆವು. ಅವಳು ಒಳಗೇ ಇದ್ದಳು, ಬಾಗಿಲು ಮುಚ್ಚಿತ್ತು. ನನ್ನ ಮುಖ ನೋಡಲು ಮನಸ್ಸಿಲ್ಲದೆ ಬಾಗಿಲು ಹಾಕಿಕೊಂಡಿದ್ದಾಳೆ ಎಂದು ತಿಳಿದು, ಸೀರೆ ಆರಿದ ಕೂಡಲೆ ಉಟ್ಟುಕೊಂಡು ಹೊರಟುಬಿಟ್ಟೆ.

ನಿನ್ನೆ ಕಚೇರಿಗೆ ಹೋಗದೆ, ಮಧ್ಯಾಹ್ನ 2 ಗಂಟೆ 20 ನಿಮಿಷಕ್ಕೆ ನೀಲಿ ಸೀರೆ ಹಿಡಿದುಕೊಂಡು ಹಲಸಿ ಮುಟ್ಟಿದೆ. ದೊಡ್ಡವ್ವ ಉಣ್ಣೆ ಬಿಡಿಸುತ್ತ ಕುಳಿತಿದ್ದಳು. ಸೆರಗನ್ನು ಅವಳ ಮುಂದೆ ಹಿಡಿದು, ಇದು ನೀನು ಎಳೆದದ್ದೋ ಎಂದು ಕೇಳಿದೆ. ಹೌದು ಎಂದಳು. ಇಷ್ಟು ವರ್ಷ ಏಕೆ ಹೇಳಲಿಲ್ಲ ಎಂದು ಕೇಳಿದೆ. ಜೋರಾಗಿಯೇ ಕೇಳಿದೆ, ಬಾಜು ಮನೆಯವರು ಹೊರಗೆ ಬಂದು ನೋಡಿದರು. ಅವಳು ಕೈಕೆಲಸ ಬಿಡದೆ, "ನೀ ಹೇಳದ ಹೋದಿ. ನಾ ಹೇಳದ ಹೊಲದ್ನಿ. ಚುಕ್ತಾ ಆತು" ಎಂದಳು.

ಶನಿವಾರ ಸಾಹೇಬರ ಮುಂದಾದರೂ ಹೇಳಬಹುದಿತ್ತಲ್ಲ ಎಂದೆ. "ನಿಂದ ಎಳಿ, ನೀನ ಗುರುತ ಹಿಡೀತಿ ಅಂತ ಮಾಡಿದ್ನಿ" ಎಂದಳು. ಆಮೇಲೆ ನನಗೆ ಚಹಾ ಕೊಟ್ಟಳು.

ಇವತ್ತು ಬೆಳಿಗ್ಗೆ 10 ಗಂಟೆಗೆ ವಕೀಲ ಗುರುಪುತ್ರಪ್ಪ ಅವರಿಗೆ ಏಳನೆಯ ಪರಿಚ್ಛೇದದ ವಿಷಯ ಹೇಳಿದೆ. ಅವರು, ಮೊದಲು ಠಾಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಬರೆಸಿರಿ, ಚೆನ್ನೈಗೆ ತಿದ್ದುಪಡಿ ಕಳುಹಿಸೋಣ, ನಿಮ್ಮ ಕೆಲಸದ ಮಾತು ಆಮೇಲೆ ನೋಡೋಣ ಎಂದರು. ಆಮೇಲೆ ಎಂಬ ಮಾತಿನ ಅರ್ಥ ನನಗೆ ಗೊತ್ತಿದೆ.

ಆದ್ದರಿಂದ ನಾನು ಸ್ಪಷ್ಟವಾಗಿ ಬರೆಸುವುದು ಹೀಗೆ. ಕಂಬಳಿ ಸುಳ್ಳಲ್ಲ. ಕೆಂಪು ಎಳೆ ಮೋಸಕ್ಕೆ ಹೊಲಿದದ್ದಲ್ಲ, ಪರದೇಶಕ್ಕೆ ಹೊರಟ ಗುರುತನ್ನು ಮಗಳೆಂದು ತಿಳಿದು ಹೊಲಿದದ್ದು. ಸುಳ್ಳು ಇರುವುದು ಏಳನೆಯ ಪರಿಚ್ಛೇದದ ಒಂದು ಸಾಲಿನಲ್ಲಿ. ಆ ಸಾಲು ನನ್ನದು. ಕಾಡವ್ವ ಅದನ್ನು ಕೇಳಿಯೇ ಇಲ್ಲ. ಶಿಕ್ಷೆ ಇದ್ದರೆ ನನಗೆ ಕೊಡಿ, ಅವಳ ಹೆಸರನ್ನು ಆರೋಪದಿಂದ ಬಿಡಿ. ಎರಡನೆಯ ಲಕೋಟೆಯಲ್ಲಿರುವ ನೀಲಿ ದಾರವನ್ನು ನನ್ನ ಸೀರೆಯ ಜೊತೆ ಪರೀಕ್ಷೆಗೆ ಕಳುಹಿಸಿ. ಅದು ಹೊಂದಿದರೆ ನಮ್ಮ ಮನೆಯ ಪದ್ಧತಿ ಕಟ್ಟುಕಥೆಯಲ್ಲ ಎಂಬುದು ತಮಗೂ ಚೆನ್ನೈನವರಿಗೂ ಓಂಕಾರ ಅವರಿಗೂ ತಿಳಿಯುತ್ತದೆ.

ಈಗ ಗದ್ದುಗೆಯ ಕಂಬಳಿಯ ಮೇಲೆ ಎರಡು ಗೆರೆ ಮತ್ತು ಒಂದು ಚುಕ್ಕೆ ಮಾತ್ರ ಇವೆ. ವಿಚಾರಣೆ ಮುಗಿಯುವವರೆಗೆ ಹೊಸದಾಗಿ ಹೊಲಿಯಬಾರದು ಎಂದು ತಾವು ಹೇಳಿದ್ದೀರಿ. ದೊಡ್ಡವ್ವ ಹೊಲಿದಿಲ್ಲ. ಶನಿವಾರದಿಂದ ದಿನಾ ಬೆಳಿಗ್ಗೆ ಕುರಿಗಳನ್ನು ಎಣಿಸಿದ ಮೇಲೆಯೇ ಒಲೆ ಹಚ್ಚುತ್ತಿದ್ದಾಳೆ. ಎಲ್ಲ ಮುಗಿದ ಮೇಲೆ ಐದು ಲಕೋಟೆಗಳನ್ನೂ ಅವಳ ಕೈಗೇ ಕೊಡಬೇಕೆಂದು ಕೋರುತ್ತೇನೆ. ಯಾವುದು ಯಾವುದರ ಕೆಳಗೆ ಇರಬೇಕು ಎಂಬುದು ಅವಳಿಗೆ ಗೊತ್ತಿದೆ. ಸೂಜಿಗೆ ದಾರ ಪೋಣಿಸಿಕೊಡಲು ಈ ಸಲ ನಾನು ಹೋಗುತ್ತೇನೆ.

ಬರೆದದ್ದನ್ನು ಹವಾಲ್ದಾರರು ಓದಿ ಹೇಳಿದ್ದಾರೆ. ಯಾವ ಪರಿಚ್ಛೇದವನ್ನೂ ಬಿಡದೆ ಓದಬೇಕೆಂದು ಕೇಳಿ, ಎರಡು ಸಲ ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದರಲ್ಲಿದೆ, ಎಲ್ಲವೂ ಸತ್ಯವಾಗಿದೆ.

ಸ್ಥಳ: ಬೆಳಗಾವಿ
ದಿನಾಂಕ: 19-06-2025, ಮಧ್ಯಾಹ್ನ 1 ಗಂಟೆ 35 ನಿಮಿಷ
ಸಹಿ: ಪ್ರಮಿಳಾ ತ. ಹೊಸಮನಿ

ಹೇಳಿಕೆಯ ಜೊತೆ ಹಾಜರುಪಡಿಸಿದ್ದು:
ಹಸಿರು ಧಾರೆ ಸೀರೆ ಒಂದು, ಭರಮವ್ವನದು. ಸೆರಗಿನಲ್ಲಿ ಒಂದು ಎಳೆ ಇಲ್ಲ.
ನೀಲಿ ಧಾರೆ ಸೀರೆ ಒಂದು, ನನ್ನದು. ಸೆರಗಿನಲ್ಲಿ ಒಂದು ಎಳೆ ಇಲ್ಲ.